ಕಂಬಿ ಕಂಬಿಗೆ ಸೇರುವಲ್ಲಿ

ಲಾಸ್ ಏಂಜಲೀಸ್‌ನ ವಾಟ್ಸ್ ಗೋಪುರಗಳನ್ನು ಕಂಡವರು ಮೊದಲು ಮರುಳಾಗುವುದು ಬಣ್ಣಕ್ಕೆ. ಸೆವೆನ್ ಅಪ್ ಬಾಟಲಿಯ ಹಸಿರು, ಮಿಲ್ಕ್ ಆಫ್ ಮ್ಯಾಗ್ನೀಷಿಯಾ ಸೀಸೆಯ ಕಡುನೀಲಿ, ಕಡಲ ಚಿಪ್ಪು, ಒಡೆದ ಪಿಂಗಾಣಿ. ಕಂಬಿಗೆ ಕಂಬಿ ಸೇರುವ ಜಾಗವನ್ನು ಮೊದಲು ನೋಡಿ ಎನ್ನುವವನು ನಾನು. ಇವನ್ನು ಕಟ್ಟಿದ ಸೈಮನ್ ರೋಡಿಯಾ ಎಂಬ ಗಾರೆ ಕೆಲಸದವನ ಹೆಚ್ಚುಗಾರಿಕೆ ಇರುವುದು ಅಲ್ಲಿ.

1879ರಲ್ಲಿ ದಕ್ಷಿಣ ಇಟಲಿಯಲ್ಲಿ ಹುಟ್ಟಿದ ರೋಡಿಯಾ ಹದಿಹರೆಯದಲ್ಲೇ ಅಮೆರಿಕಕ್ಕೆ ಬಂದ. ಸಹೋದರ ಪೆನ್ಸಿಲ್ವೇನಿಯಾದ ಗಣಿಯಲ್ಲಿ ಸತ್ತ. ಆಮೇಲೆ ಊರೂರು ಅಲೆದು ಕಟ್ಟಡದ ಕೂಲಿ, ಟೈಲ್ಸ್ ಹಾಕುವ ಕೆಲಸ. 1921ರಲ್ಲಿ, ನಲವತ್ತು ದಾಟಿದ ಮೇಲೆ, ವಾಟ್ಸ್‌ನಲ್ಲಿ ರೈಲುಹಳಿಯ ಪಕ್ಕದ ಮುಮ್ಮೂಲೆ ಸೈಟು ಕೊಂಡು ಕೆಲಸ ಶುರುಮಾಡಿದ. ಹೊಟ್ಟೆಪಾಡಿನ ದುಡಿಮೆ ಮುಗಿಸಿ ಉಳಿದ ಹೊತ್ತಿನಲ್ಲಿ, 33 ವರ್ಷ, ಒಬ್ಬನೇ.

ಹೊಸ ಹತ್ಯಾರುಗಳೇನೂ ಬೇಕಾಗಲಿಲ್ಲ. ಕಬ್ಬಿಣದ ಕಂಬಿಯನ್ನು ರೈಲುಹಳಿಗೆ ಸಿಕ್ಕಿಸಿ ಬಗ್ಗಿಸಿದ. ಎರಡು ಕಂಬಿ ಸೇರುವಲ್ಲಿ ತಂತಿ ಸುತ್ತಿ, ಜಾಲರಿ ಹೊದಿಸಿ, ಸಿಮೆಂಟ್ ಗಾರೆ ಮೆತ್ತಿ, ಅದು ಹಸಿಯಿರುವಾಗಲೇ ಚೂರುಗಳನ್ನು ಒತ್ತಿದ. ವೆಲ್ಡಿಂಗ್ ಇಲ್ಲ, ಬೋಲ್ಟ್ ಇಲ್ಲ, ಸಾರುವೆಯೂ ಇಲ್ಲ. ಕಿಟಕಿ ಒರೆಸುವವರ ಪಟ್ಟಿ ಬಿಗಿದುಕೊಂಡು, ತಾನು ಕಟ್ಟಿದ್ದನ್ನೇ ಮೆಟ್ಟಿಲಾಗಿಸಿ ಮೇಲೇರಿದ. ಎಲ್ಲಕ್ಕಿಂತ ಎತ್ತರದ ಗೋಪುರ ಸುಮಾರು 99 ಅಡಿ! ನೇಪಲ್ಸ್ ಬಳಿಯ ನೋಲಾದಲ್ಲಿ ಹಬ್ಬದ ದಿನ ಹೆಗಲ ಮೇಲೆ ಹೊತ್ತು ಮೆರೆಸುವ ಮರದ ಗೋಪುರಗಳ ನೆನಪು ಇದರಲ್ಲಿದೆ ಎನ್ನುತ್ತಾರೆ ಕೆಲವು ವಿದ್ವಾಂಸರು. ನಮ್ಮ ತೇರನ್ನು ಬಲ್ಲ ಕಣ್ಣಿಗೆ ಆ ಮಾತು ಸುಲಭವಾಗಿ ಒಪ್ಪಿಗೆಯಾಗುತ್ತದೆ.

ಗೋಡೆಯ ಗಾರೆಯಲ್ಲಿ ತನ್ನ ಸುತ್ತಿಗೆ, ಇಕ್ಕಳಗಳ ಅಚ್ಚನ್ನೂ ಒತ್ತಿದ್ದಾನೆ. ಇಡೀ ಆವರಣದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು. ಕಸುಬು ಬಿಟ್ಟು ಕಲೆಗೆ ಬಂದವನು ಹಾಗೆ ಮಾಡುತ್ತಿರಲಿಲ್ಲ.

ಎಪ್ಪತ್ತೈದರ ವಯಸ್ಸಿನ ಸುಮಾರಿಗೆ ಎಲ್ಲವನ್ನೂ ನೆರೆಯವನಿಗೆ ಬರೆದುಕೊಟ್ಟು ಮಾರ್ಟಿನೆಜ್ ಎಂಬ ಊರಿಗೆ ಹೊರಟುಹೋದ. ತಿರುಗಿ ನೋಡಲು ಬರಲಿಲ್ಲ. ನಗರಾಡಳಿತ ಗೋಪುರಗಳು ಅಪಾಯಕಾರಿ ಎಂದು ಕೆಡವಲು ಆದೇಶಿಸಿತು. ಉಳಿಸಲು ನಿಂತವರ ಪರವಾಗಿ ಎಂಜಿನಿಯರ್ ಬಡ್ ಗೋಲ್ಡ್‌ಸ್ಟೋನ್ 1959ರ ಅಕ್ಟೋಬರ್‌ನಲ್ಲಿ ಗೋಪುರವನ್ನು 10,000 ಪೌಂಡ್ ಬಲ ಹಾಕಿ ಎಳೆಸಿದರು. ಸೋತದ್ದು ಎಳೆಯುವ ಯಂತ್ರ. ಓದು ಬರಹ ಹೆಚ್ಚು ಕಲಿಯದವನು ಲೆಕ್ಕಾಚಾರದ ನಕ್ಷೆಯಿಲ್ಲದೆ ಕಟ್ಟಿದ ಕೀಲುಗಳು ಜಗ್ಗಲಿಲ್ಲ. 1965ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಗೋಪುರಗಳಿಂದ ಕಲಾಲೋಕ ಅವನನ್ನು ಗುರುತಿಸಿತ್ತು.

ಬಿಸಿಲಿಗೆ ಕಬ್ಬಿಣ ಹಿಗ್ಗಿ ಗಾರೆ ಇಂದಿಗೂ ಬಿರಿಯುತ್ತದೆ. ರೋಡಿಯಾ ಇದ್ದಾಗ ಬಿರುಕುಗಳನ್ನು ತಾನೇ ಮುಚ್ಚುತ್ತಿದ್ದ. ಈಗಿನ ಸಂರಕ್ಷಕರು ಗೋಪುರದ ಜೊತೆ ಹಿಗ್ಗಿ ಕುಗ್ಗುವ ಮಿಶ್ರಣವನ್ನು ತುಂಬಬೇಕಾಗಿದೆ. ಆ ತಂಡದಲ್ಲಿ ತಜ್ಞರ ಪಕ್ಕದಲ್ಲಿ ದಿನವೂ ಕರಣೆ ಹಿಡಿಯುವವರೂ ಇರಬೇಕು, ಅವರ ಮಾತಿಗೂ ಬೆಲೆ ಸಿಗಬೇಕು ಎಂಬುದು ನನ್ನ ಆಸೆ.