ಹೊಸ ಲ್ಯಾಪ್‌ಟಾಪ್, ಹಳೆಯ ಪಾಠಗಳು

ಚಿಕ್ಕಜಾಜೂರಿನ ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ದುಡಿದ ಲ್ಯಾಪ್‌ಟಾಪನ್ನು ಬಿಟ್ಟು ಹೊಸದನ್ನು ತಂದೆ. ಇದು ಹಗುರ, ವೇಗವೂ ಹೆಚ್ಚು. ತಿರುಗುವ ತಟ್ಟೆಯ ಬದಲು ಇದರಲ್ಲಿರುವುದು ಅರೆವಾಹಕ ಸ್ಮೃತಿ. ಆದರೆ ನನ್ನ ಹಳೆಯ ಭೌತಶಾಸ್ತ್ರ ಪಾಠಗಳನ್ನು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೊಂದಲ!

ದೋಷ ಯಂತ್ರದ್ದಲ್ಲ. ಹಿಂದಿನ ಫಾಂಟ್‌ಗಳು ಕನ್ನಡದ ಅಕ್ಷರಭಾಗಗಳನ್ನು 256 ಸಂಕೇತಗಳೊಳಗೆ ಹೊಂದಿಸಲು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಬಳಸುತ್ತಿದ್ದವು. ಆ ಫಾಂಟ್ ಇಲ್ಲದೆಡೆ ಅವು ಇಂಗ್ಲಿಷಾಗಿಯೇ ಕಾಣುತ್ತವೆ. ಯೂನಿಕೋಡ್ 1991ರಲ್ಲೇ 'ಕ' ಅಕ್ಷರಕ್ಕೆ 3221 ಎಂಬ ಸ್ವಂತ ಸಂಖ್ಯೆ ಕೊಟ್ಟಿತ್ತು. ಅದನ್ನು ಬಹುಕಾಲ ಅಲಕ್ಷಿಸಿದವರು ನನ್ನಂಥ ಉಪಾಧ್ಯಾಯರೇ.

ನೀವೂ ಯಂತ್ರ ಬದಲಾಯಿಸುವವರಾದರೆ, ಮೊದಲು ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಒತ್ತಕ್ಷರ, ಅರ್ಕಾವತ್ತುಗಳು ಪರಿವರ್ತನೆಯಲ್ಲಿ ಕೆಡುವುದುಂಟು. ಹಳೆಯ ಯಂತ್ರ ಕೈಯಲ್ಲಿರುವಾಗಲೇ ಹೋಲಿಸಿ ತಿದ್ದಿಕೊಳ್ಳಿ.