ಜೇನುಗೂಡಿನ ಮುದ್ರೆ

ಇಂಜಿನಿಯರಿಂಗ್ ಕಂಪನಿಯ ಯಾವ ನಕ್ಷೆಯನ್ನೇ ಬಿಡಿಸಿ ನೋಡಿ, ಕೆಳಗಿನ ಬಲಮೂಲೆಯಲ್ಲೊಂದು ಚೌಕವಿರುತ್ತದೆ. ಅಲ್ಲಿ ಕಂಪನಿಯ ಲಾಂಛನ ಠೀವಿಯಿಂದ ಕುಳಿತಿರುತ್ತದೆ. ನಕ್ಷೆ ಬರೆದವನಿಗೆ ಹೆಸರಿನ ಮೊದಲಕ್ಷರಗಳಷ್ಟೇ ಪ್ರಾಪ್ತಿ. ಈ ನಗರದ ಡ್ರಾಯಿಂಗ್ ಆಫೀಸುಗಳಲ್ಲಿ ಬೆನ್ನು ಬಗ್ಗಿಸಿ ದುಡಿದ ನಮ್ಮವರಿಗೆ ಇದು ಹೊಸ ಸಂಗತಿಯಲ್ಲ. ಹಾಗಾದರೆ ಲಾಂಛನ ಯಾರ ಗುರುತು? ಈ ಪ್ರಶ್ನೆಯನ್ನಿಟ್ಟುಕೊಂಡು ನಾವು ಬರ್ಲಿನ್ನಿನ ಎ.ಇ.ಜಿ. ಕಂಪನಿಯ ಮುದ್ರೆಯನ್ನು ನೋಡಬಯಸುತ್ತೇವೆ. ಇಂಥ ಕೆಲಸಕ್ಕೆಲ್ಲ ಅದೇ ಮೇಲ್ಪಂಕ್ತಿ ಎಂದು ಬಲ್ಲವರು ಹೇಳುವುದುಂಟು.

ವಿದ್ಯುತ್ ಯಂತ್ರಗಳನ್ನು ತಯಾರಿಸುತ್ತಿದ್ದ ಈ ಕಂಪನಿ 1907ರಲ್ಲಿ ಪೀಟರ್ ಬೆಹ್ರೆನ್ಸ್ ಅವರನ್ನು ಕಲಾ ಸಲಹೆಗಾರರನ್ನಾಗಿ ಕರೆಸಿಕೊಂಡಿತು. ಚಿತ್ರಕಾರರಾಗಿ ಆರಂಭಿಸಿ ವಾಸ್ತುಶಿಲ್ಪಿಯಾದವರು ಅವರು. ಅದುವರೆಗೆ ಕಂಪನಿಯ ಅಕ್ಷರಗಳು ಬಳ್ಳಿಯಂತೆ ಬಳುಕುತ್ತಿದ್ದವು. ಬೆಹ್ರೆನ್ಸ್ ಆ ಮೂರಕ್ಷರಗಳನ್ನು ಜೇನುಗೂಡಿನಂಥ ಆರು ಮೂಲೆಯ ಕೋಶಗಳಲ್ಲಿ ನೆಟ್ಟಗೆ ಕೂರಿಸಿದರು. ಮುದ್ರೆ ಬರೆದುಕೊಟ್ಟು ಸಂಭಾವನೆ ಪಡೆದು ಹೋಗಲಿಲ್ಲ. ಜಾಹೀರಾತು, ಬೆಲೆಪಟ್ಟಿ, ದೀಪ, ಕಾರ್ಖಾನೆ ಎಲ್ಲಕ್ಕೂ ಅವರದೇ ಕೈ. 1909ರ ವಿದ್ಯುತ್ ಕೆಟಲನ್ನೇ ನೋಡಿ: ಆಕಾರ ಮೂರೇ, ಆದರೆ ಲೋಹ, ಮೆರುಗು, ಅಳತೆಗಳನ್ನು ಅದಲುಬದಲು ಮಾಡಿ ಹತ್ತಾರು ಬಗೆಯ ಕೆಟಲುಗಳು ಹೊರಟವು. ಒಂದನ್ನು ಕಂಡವರು ಇನ್ನೊಂದನ್ನು ಅದರ ಒಡಹುಟ್ಟೆಂದು ಗುರುತಿಸಬಲ್ಲರು. ಮುದ್ರೆಯ ಅಗತ್ಯವೇ ಬೀಳದಂತೆ ಮಾಡುವ ಈ ಜಾಣ್ಮೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಟರ್ಬೈನ್ ಕಾರ್ಖಾನೆಯ ಮಾತು ಬೇರೆ. ಅದೇ 1909ರಲ್ಲಿ ಎದ್ದ ಈ ಕಟ್ಟಡದ ಹಣೆಯ ಮೇಲೆ ಜೇನುಗೂಡಿದೆ. ಎರಡು ಪಕ್ಕಗಳಲ್ಲಿ ಕೋಟೆಯ ಬುರುಜಿನಂಥ ಭಾರಿ ಮೂಲೆಗಳು. ನೋಡಿದವರಿಗೆ ಇಡೀ ಛಾವಣಿಯನ್ನು ಈ ಮೂಲೆಗಳೇ ಹೊತ್ತಿವೆ ಎನ್ನಿಸಬೇಕು. ನಿಜದಲ್ಲಿ ಅವು ತೆಳು ಕಾಂಕ್ರೀಟಿನ ಹೊದಿಕೆ. ಛಾವಣಿಯ ಹೊರೆ ಅವುಗಳ ಮೇಲಿಲ್ಲ. ಹೊರುವುದು ಉಕ್ಕಿನ ಕಮಾನುಗಳು. ಆ ಕಮಾನುಗಳ ಲೆಕ್ಕ ಹಾಕಿದವರು ಇಂಜಿನಿಯರ್ ಕಾರ್ಲ್ ಬರ್ನ್‌ಹಾರ್ಡ್. ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಚಿತ್ರದ ಕೆಳಗೆ ಅಚ್ಚಾಗುವುದು ಸಾಮಾನ್ಯವಾಗಿ ಬೆಹ್ರೆನ್ಸರ ಹೆಸರೊಂದೇ.

ಕೆಟಲಿನಲ್ಲಿ ಪ್ರಾಮಾಣಿಕವಾಗಿದ್ದ ಕೈ ಇಲ್ಲಿ ಬಲದ ವೇಷ ಹಾಕಿತೆಂದೇ ನಮ್ಮ ಆಕ್ಷೇಪ. ಕಂಪನಿಯ ಘನತೆ ತೋರಿಸಬೇಕಿತ್ತು, ನಿಜ. ಆದರೆ ಅದಕ್ಕೆ ಉಕ್ಕು ಸಾಲದೇ ಹೋಯಿತೆ? ಬೆಹ್ರೆನ್ಸರ ಕಚೇರಿಯಲ್ಲಿ ಆ ಕಾಲದಲ್ಲಿ ದುಡಿದವರಲ್ಲಿ ಮೀಸ್ ವಾನ್ ಡರ್ ರೋ ಇದ್ದರು, ಮುಂದೆ ನಮ್ಮ ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೇ ಇದ್ದರು. ಮೀಸ್ ಅಂತೂ ಉಕ್ಕನ್ನೂ ಗಾಜನ್ನೂ ಮರೆಮಾಚದೆ ಕಟ್ಟಿಯೇ ಹೆಸರಾದರು.

ಎ.ಇ.ಜಿ. ಕಂಪನಿ 1996ರಲ್ಲಿ ಇಲ್ಲವಾಯಿತು. ಹೆಸರು ಈಗ ಪರರ ಪಾಲಾಗಿ ಬಟ್ಟೆ ಒಗೆಯುವ ಯಂತ್ರಗಳ ಮೇಲಿದೆ. ಜೇನುಗೂಡು ಮಾತ್ರ ಕಟ್ಟಡದ ಹಣೆಯ ಮೇಲೆ ಹಾಗೆಯೇ ಉಳಿದಿದೆ. ಅಲ್ಲಿಗೆ ಹೋಗುವ ನಮ್ಮ ಓದುಗರು ಅದನ್ನು ನೋಡಿದ ಮೇಲೆ ಪಕ್ಕದ ಬೀದಿಗೂ ತಿರುಗಲಿ. ಅಲ್ಲಿ ಪ್ರತಿಯೊಂದು ಉಕ್ಕಿನ ಕಂಬದ ಬುಡದಲ್ಲೂ ದೊಡ್ಡ ಕೀಲೊಂದು ಬಯಲಿಗೇ ಕಾಣುತ್ತದೆ. ಹೊರೆ ನೆಲಕ್ಕಿಳಿಯುವುದು ಅಲ್ಲಿ.