ಲಂಡನ್ನಿನ ಹಳೆಯ ಪಾಂಥಶಾಲೆಗಳೂ ಛಾಯಾಚಿತ್ರದ ಪ್ರಾಮಾಣ್ಯವೂ

ನಗರಗಳ ಚರಿತ್ರೆಯನ್ನು ಬರೆಯುವವರಿಗೆ ಬಹುಕಾಲದವರೆಗೆ ಶಾಸನ, ಕಡತ, ಕಾವ್ಯ, ಪ್ರವಾಸಿಗಳ ವರ್ಣನೆ ಇವೇ ಮುಖ್ಯ ಸಾಧನಗಳಾಗಿದ್ದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಇವುಗಳ ಪಂಕ್ತಿಗೆ ಛಾಯಾಚಿತ್ರವೂ ಬಂದು ಸೇರಿತು. ಈಗಲಾದರೋ ಹಳೆಯ ಬೀದಿಗಳನ್ನೂ ಪಾನಶಾಲೆಗಳನ್ನೂ ಕುರಿತ ಅನೇಕ ಗ್ರಂಥಗಳಲ್ಲಿ ಚಿತ್ರವೇ ಅಂಗಿ, ವಾಕ್ಯವು ಅದಕ್ಕೆ ಅಂಗ. ಕಣ್ಣಿಗೆ ಕಾಣುವುದಕ್ಕೆ ಬೇರೆ ಸಾಕ್ಷಿಯೇಕೆಂಬುದು ಇಂತಹ ಗ್ರಂಥಕಾರರ ಅಭಿಪ್ರಾಯವೆಂದು ತೋರುತ್ತದೆ. ಛಾಯಾಚಿತ್ರವು ನಿಜವಾಗಿಯೂ ಪ್ರತ್ಯಕ್ಷಪ್ರಮಾಣವೆ? ಅಥವಾ ಹಸ್ತಪ್ರತಿಯಂತೆ ಶೋಧಿಸಿ, ಪ್ರತ್ಯಂತರಗಳೊಡನೆ ಹೋಲಿಸಿ, ಆಮೇಲೆ ಒಪ್ಪಬೇಕಾದ ಪಾಠವೆ? ಪ್ರಸಿದ್ಧವಾದ ಒಂದು ಚಿತ್ರಮಾಲೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಲಂಡನ್ ನಗರದಲ್ಲಿ ಸಂತ ಪಾಲರ ದೇವಾಲಯದ ಸಮೀಪ, ವಾರ್ವಿಕ್ ಲೇನ್ ಎಂಬ ಓಣಿಯಲ್ಲಿ, ‘ಆಕ್ಸ್‌ಫರ್ಡ್ ಆರ್ಮ್ಸ್’ ಎಂಬ ಪುರಾತನ ಪಾಂಥಶಾಲೆಯೊಂದಿತ್ತು. ನಡುವೆ ಅಂಗಳ, ಸುತ್ತಲೂ ಮಹಡಿಯ ಮೇಲೆ ಮಹಡಿಯಾಗಿ ಮರದ ಕೈಸಾಲೆಗಳು. ಬಂಡಿಗಳು ಅಂಗಳದಲ್ಲಿ ನಿಲ್ಲುವುದು, ಪ್ರಯಾಣಿಕರು ಮೇಲೆ ತಂಗುವುದು, ಇದು ಇಂತಹ ಶಾಲೆಗಳ ಕ್ರಮ. ರೈಲುಮಾರ್ಗವು ಬಂದ ಮೇಲೆ ದೂರದ ಬಂಡಿಗಳು ನಿಂತುವು, ಅಂಗಳಗಳು ಬರಿದಾದುವು. 1875ರಲ್ಲಿ ಆಕ್ಸ್‌ಫರ್ಡ್ ಆರ್ಮ್ಸ್ ಕೆಡವಲ್ಪಡುವುದೆಂದು ತಿಳಿದಾಗ ಆಲ್‌ಫ್ರೆಡ್ ಮಾರ್ಕ್ಸ್ ಎಂಬವರು ಮುಂದೆ ಬಂದು, ಕಟ್ಟಡವನ್ನು ಉಳಿಸಲಾಗದಿದ್ದರೂ ಅದರ ರೂಪವನ್ನಾದರೂ ಉಳಿಸಬೇಕೆಂದು ಉದ್ಯಮಿಸಿದರು. ಹಳೆಯ ಲಂಡನ್ನಿನ ಅವಶೇಷಗಳ ಛಾಯಾಚಿತ್ರಗಳನ್ನು ತೆಗೆಯಿಸುವ ಸಂಘವು ಹುಟ್ಟಿದುದು ಹೀಗೆ. ಮೊದಲು ಬೂಲ್ ಎಂಬ ಮನೆತನದವರೂ ಅನಂತರ ಹೆನ್ರಿ ಡಿಕ್ಸನ್ ಅವರೂ ಚಿತ್ರಗಳನ್ನು ತೆಗೆದರು. 1886ರ ವರೆಗೆ ಒಟ್ಟು 120 ಚಿತ್ರಗಳು ಪ್ರಕಟವಾದುವು.

ಈ ಮಾಲೆಯ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಸಾಮಾನ್ಯ ಮುದ್ರಣಗಳು ಕೆಲವು ವರ್ಷಗಳಲ್ಲಿ ಮಾಸುತ್ತಿದ್ದ ಕಾಲದಲ್ಲಿ ಸಂಘದವರು ಇಂಗಾಲದ ವರ್ಣದ್ರವ್ಯದಿಂದ ಮುದ್ರಿಸುವ ‘ಕಾರ್ಬನ್’ ವಿಧಾನವನ್ನು ಆರಿಸಿಕೊಂಡರು. ಆದುದರಿಂದಲೇ ಈ ಚಿತ್ರಗಳು ಇಂದಿಗೂ ಕಂದದೆ ಉಳಿದಿವೆ. ಬಿಷಪ್ಸ್‌ಗೇಟ್ ಬೀದಿಯಲ್ಲಿದ್ದ ಸರ್ ಪಾಲ್ ಪಿಂಡರನ ಮನೆ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 1600ರಲ್ಲಿ ಒಬ್ಬ ಶ್ರೀಮಂತ ವರ್ತಕನಿಗಾಗಿ ಕಟ್ಟಲ್ಪಟ್ಟ ಈ ಮನೆಯು ಕಾಲಕ್ರಮದಲ್ಲಿ ಪಾನಶಾಲೆಯಾಗಿ, 1890ರಲ್ಲಿ ರೈಲುನಿಲ್ದಾಣದ ವಿಸ್ತಾರಕ್ಕಾಗಿ ಕೆಡವಲ್ಪಟ್ಟಿತು. ಕೆತ್ತನೆಯ ಮರದ ಮುಖಭಾಗವು ಮಾತ್ರ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿದೆ. ಅಲ್ಲಿ ಮರವುಂಟು, ಬೀದಿಯಿಲ್ಲ. ಚಿತ್ರದಲ್ಲಿ ಮರವಿಲ್ಲ, ಬೀದಿಯುಂಟು. ಎರಡನ್ನೂ ಕೂಡಿಸಿ ನೋಡಿದಾಗಲೇ ಕಟ್ಟಡದ ಅರ್ಥವು ಪೂರ್ಣವಾಗುತ್ತದೆ.

ಇನ್ನು ದೋಷಗಳು. ಇವುಗಳಲ್ಲಿ ಹೆಚ್ಚಿನವು ಚಿತ್ರಕಾರನವಲ್ಲ, ನೋಡುವವನವು. ಮೊದಲನೆಯದು, ಹೆಸರನ್ನು ಕಂಡು ವಸ್ತುವನ್ನೇ ಕಂಡೆವೆಂಬ ಭ್ರಾಂತಿ. ಆಂಗ್ಲಕವಿ ಚಾಸರನ ಯಾತ್ರಿಕರು ಕೂಡಿದ ಸ್ಥಳವು ಸದರ್ಕ್‌ನ ‘ಟ್ಯಾಬರ್ಡ್’ ಪಾಂಥಶಾಲೆಯೆಂಬುದು ಸಾಹಿತ್ಯದ ಅಧ್ಯಾಪಕರೆಲ್ಲರಿಗೂ ವಿದಿತವಾದ ವಿಷಯ. ಆದರೆ 1676ರ ಅಗ್ನಿಪ್ರಮಾದದಲ್ಲಿ ಆ ಕಟ್ಟಡವು ಸುಟ್ಟುಹೋಯಿತು. ಅದೇ ನೆಲದ ಮೇಲೆ ಪುನಃ ಕಟ್ಟಲ್ಪಟ್ಟು ‘ಟಾಲ್ಬಟ್’ ಎಂಬ ಹೆಸರನ್ನು ಪಡೆದ ಶಾಲೆಯು 1873ರಲ್ಲಿ ನೆಲಸಮವಾಯಿತು. ಹೀಗಿರುವಲ್ಲಿ ಈ ಎರಡನೆಯ ಕಟ್ಟಡದ ಚಿತ್ರವನ್ನು ತೋರಿಸಿ ಚಾಸರನ ಶಾಲೆಯೆಂದು ಬೋಧಿಸುವುದು, ಅರ್ವಾಚೀನವಾದ ಪ್ರತಿಯನ್ನು ಕವಿಯ ಸ್ವಹಸ್ತಲಿಖಿತವೆಂದು ಸಾಧಿಸಿದಂತೆ. ಅದೇ ಬೀದಿಯ ‘ಜಾರ್ಜ್’ ಶಾಲೆಯೂ ಆ ಬೆಂಕಿಯ ಅನಂತರ ಕಟ್ಟಲ್ಪಟ್ಟುದೇ. 1889ರಲ್ಲಿ ರೈಲು ಮಂಡಳಿಯವರು ಅದರ ಬಹುಭಾಗವನ್ನು ಕೆಡವಿದರು. ಒಂದು ಪಾರ್ಶ್ವದ ಕೈಸಾಲೆ ಮಾತ್ರ ಇಂದಿಗೂ ನಿಂತಿದೆ. ಉಳಿದಿರುವ ಭಾಗವನ್ನು ನೋಡಿ ಇಡಿಯ ಅಂಗಳವನ್ನು ಊಹಿಸುವವರಿಗೆ ಹಳೆಯ ಚಿತ್ರಗಳೇ ಅಂಕುಶ.

ಎರಡನೆಯ ದೋಷವು ಇನ್ನೂ ಸೂಕ್ಷ್ಮವಾದುದು. ಈ ಚಿತ್ರಗಳಲ್ಲಿ ಅನೇಕ ಬೀದಿಗಳೂ ಅಂಗಳಗಳೂ ನಿರ್ಜನವಾಗಿ ಕಾಣುತ್ತವೆ. ಇದನ್ನು ನೋಡಿ, ಹಳೆಯ ನಗರವು ಆಗಲೇ ಪಾಳುಬಿದ್ದಿತ್ತೆಂದು ನಿಟ್ಟುಸಿರಿಡುವವರುಂಟು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಅಂಗೀಕರಿಸುತ್ತಾರಷ್ಟೆ. ಆದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕು. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ಆ ಕಾಲದ ಗಾಜಿನ ಫಲಕಕ್ಕೆ ಮಂದಬೆಳಕಿನಲ್ಲಿ ಬಹಳ ಹೊತ್ತು ಬೇಕಾಗುತ್ತಿತ್ತು. ಅಷ್ಟರಲ್ಲಿ ನಡೆದುಹೋದವನು ಅದರ ಮೇಲೆ ಮೂಡುತ್ತಲೇ ಇರಲಿಲ್ಲ. 1838ರಲ್ಲಿ ದಾಗೇರ್ ಪ್ಯಾರಿಸ್ಸಿನ ಹೆಬ್ಬೀದಿಯೊಂದರ ಚಿತ್ರವನ್ನು ತೆಗೆದಾಗ ಸಂಚಾರವೆಲ್ಲವೂ ಮಾಯವಾಗಿ, ಪಾದರಕ್ಷೆಗೆ ಮೆರುಗು ಹಾಕಿಸಿಕೊಳ್ಳಲು ನಿಂತಿದ್ದ ಒಬ್ಬನ ಆಕೃತಿ ಸ್ಪಷ್ಟವಾಗಿ ಉಳಿಯಿತು. ಚಲಿಸುವವರನ್ನು ಕಾಣುವ ಯೋಗ್ಯತೆಯೇ ಇಲ್ಲದ ಕಣ್ಣು, ಜನರಿರಲಿಲ್ಲವೆಂಬುದಕ್ಕೆ ಸಾಕ್ಷಿಯಾಗಲಾರದು. ಆಕ್ಸ್‌ಫರ್ಡ್ ಆರ್ಮ್ಸ್‌ನ ಕೋಣೆಗಳಲ್ಲಿ ಆ ಕಾಲಕ್ಕೆ ಬಾಡಿಗೆಯ ಸಂಸಾರಗಳು ವಾಸಿಸುತ್ತಿದ್ದುವು. ಕೆಡವಲ್ಪಟ್ಟುದು ಬರಿಯ ಮರವಲ್ಲ, ಅವರ ಮನೆ. ಚಿತ್ರದ ಮೌನವನ್ನು ಅಭಾವವೆಂದು ಓದಿದರೆ ನಾವು ಅವರನ್ನು ಎರಡನೆಯ ಸಲ ಮನೆಯಿಂದ ಹೊರಡಿಸಿದಂತಾಗುತ್ತದೆ.

ಮೂರನೆಯದಾಗಿ, ತಾತ್ಪರ್ಯವನ್ನು ನಿರ್ಣಯಿಸದೆ ಅರ್ಥವನ್ನು ಹೇಳಬಾರದು. 1868ರಿಂದ 1871ರ ವರೆಗೆ ಥಾಮಸ್ ಅನ್ನನ್ ಎಂಬವರು ಗ್ಲಾಸ್ಗೊ ನಗರದ ಇಕ್ಕಟ್ಟಾದ ಓಣಿಗಳ ಚಿತ್ರಗಳನ್ನು ತೆಗೆದರು. ಅದನ್ನು ಮಾಡಿಸಿದವರು 1866ರ ಕಾಯಿದೆಯಂತೆ ಆ ಓಣಿಗಳನ್ನು ಕೆಡವಬೇಕಾಗಿದ್ದ ನಗರಸುಧಾರಣೆಯ ಮಂಡಳಿಯವರು. ಮಾರ್ಕ್ಸ್ ಅವರ ಸಂಘಕ್ಕಾದರೋ ಪ್ರಾಚೀನ ಶಿಲ್ಪದಲ್ಲಿ ಮಮತೆ. ಒಂದು ಕಡೆ ಓಣಿಯು ರೋಗ, ಇನ್ನೊಂದು ಕಡೆ ನಿಧಿ. ಸಂಘದವರು ಹಳೆಯ ಕೈಸಾಲೆಗಳನ್ನು ಆರಿಸಿದರೇ ಹೊರತು, ಕೂಲಿಕಾರರು ಸಂಜೆ ಕೂಡುತ್ತಿದ್ದ ಹೊಸ ಪಾನಶಾಲೆಗಳನ್ನು ಆರಿಸಲಿಲ್ಲ. ಆದುದರಿಂದ 120 ಚಿತ್ರಗಳನ್ನು ಕಂಡು ಲಂಡನ್ನನ್ನೇ ಕಂಡೆವೆನ್ನುವುದು ಅವ್ಯಾಪ್ತಿದೋಷ.

ಹಾಗಾದರೆ ಛಾಯಾಚಿತ್ರವು ಅಪ್ರಮಾಣವೇ ಎಂದು ಪೂರ್ವಪಕ್ಷಿಯು ಕೇಳಬಹುದು. ಹಾಗಲ್ಲ. ಬಹುಪಾಠಗಳಲ್ಲಿ ಒಂದಾಗಿ ಅದು ಪ್ರಮಾಣವೇ. ಪಾನಶಾಲೆಯ ಬಾಗಿಲ ಮೇಲೆ ಪರವಾನಗಿ ಪಡೆದವನ ಹೆಸರನ್ನು ಬರೆಯಿಸುವ ಕಟ್ಟಳೆ ಆಂಗ್ಲದೇಶದಲ್ಲಿತ್ತು. ಆ ಹೆಸರನ್ನು ವರ್ಷವರ್ಷವೂ ಅಚ್ಚಾಗುತ್ತಿದ್ದ ಡೈರೆಕ್ಟರಿಗಳಲ್ಲಿ ಹುಡುಕಿದರೆ ಚಿತ್ರದ ಕಾಲವು ಕೆಲವು ವರ್ಷಗಳ ಮಿತಿಯೊಳಗೆ ಸಿಕ್ಕುತ್ತದೆ. ಆದರೆ 1855ರ ಅನಂತರ ಲಂಡನ್ನಿನ ಅನೇಕ ಬೀದಿಗಳ ಹೆಸರುಗಳೂ ಮನೆಗಳ ಸಂಖ್ಯೆಗಳೂ ಬದಲಾದುದರಿಂದ, ಭೂಪಟವನ್ನು ನೋಡದೆ ಸಂಖ್ಯೆಯನ್ನು ನಂಬಲಾಗದು. ಗೋಡೆಯ ಮೇಲಿನ ನಾಟಕದ ಜಾಹೀರಾತು, ಬೀದಿಯ ದೀಪ, ನೆರಳಿನ ದಿಕ್ಕು ಇವೂ ಸಾಕ್ಷಿಗಳೇ. ಅಂದಿನ ಫಲಕಕ್ಕೆ ಕೆಂಪು ಬಣ್ಣವು ಕಪ್ಪಾಗಿಯೂ ನೀಲಿಯು ಬಿಳಿಯಾಗಿಯೂ ತೋರುತ್ತಿತ್ತೆಂಬುದನ್ನು ಮರೆತು ನಾಮಫಲಕದ ವರ್ಣವನ್ನು ವರ್ಣಿಸುವುದು ಸಾಹಸ.

ಇದನ್ನು ಈಗ ವಿಶೇಷವಾಗಿ ಹೇಳಬೇಕಾಗಿದೆ. ಇಂದು ಇಂತಹ ಹಳೆಯ ಚಿತ್ರಗಳನ್ನು ಗಣಕಯಂತ್ರದ ತೆರೆಯ ಮೇಲೆ ಯಾರಾದರೂ ನೋಡಬಹುದು. ಇದು ಸಂತೋಷದ ವಿಷಯ. ಆದರೆ ಅವುಗಳಿಗೆ ಯಂತ್ರದಿಂದಲೇ ಬಣ್ಣ ಹಚ್ಚಿ, ಅಸ್ಪಷ್ಟವಾದ ಮುಖಗಳಿಗೆ ಕಣ್ಣುಮೂಗುಗಳನ್ನು ತಿದ್ದಿ ಪ್ರಚುರಪಡಿಸುವ ಅಭ್ಯಾಸವೂ ಬೆಳೆದಿದೆ. ಲಿಪಿಕಾರನು ತ್ರುಟಿತವಾದ ಸ್ಥಳದಲ್ಲಿ ಸ್ವಂತ ಪದ್ಯವನ್ನು ಸೇರಿಸಿದರೆ ನಾವು ಅದನ್ನು ಪ್ರಕ್ಷಿಪ್ತವೆನ್ನುತ್ತೇವೆ. ಇಲ್ಲಿಯೂ ಹಾಗೆಯೇ ಎನ್ನಬೇಕು. ತ್ರುಟಿತವನ್ನು ತ್ರುಟಿತವೆಂದೇ ಗುರುತಿಸಿ ಬಿಡುವುದು ಸಂಪಾದಕನ ಧರ್ಮ.

ಆಕ್ಸ್‌ಫರ್ಡ್ ಆರ್ಮ್ಸ್‌ನ ಅಂಗಳವು ಈಗ ಇಲ್ಲ. ಅದರ ಚಿತ್ರವು ನಮಗೆ ಉಳಿದುದು ಮಾರ್ಕ್ಸ್ ಮೊದಲಾದವರ ಶ್ರದ್ಧೆಯಿಂದ. ಆ ಚಿತ್ರದಲ್ಲಿ ಮೂಡದವರನ್ನು ಬಾಡಿಗೆಯ ಲೆಕ್ಕದಲ್ಲಿ, ಜನಗಣತಿಯ ಕಡತದಲ್ಲಿ, ಡೈರೆಕ್ಟರಿಯ ಪುಟದಲ್ಲಿ ಹುಡುಕಿ ಅದೇ ಕೈಸಾಲೆಯ ಮೇಲೆ ಮರಳಿ ನಿಲ್ಲಿಸುವುದು ಓದುವವರ ಕೆಲಸ. ಚಿತ್ರವನ್ನು ನೋಡಿ ತೃಪ್ತರಾಗುವವರು ರಸಿಕರಾಗಬಹುದು. ಅದನ್ನು ಪ್ರಶ್ನಿಸಿ, ಅದು ಹೇಳಲಾರದುದನ್ನೂ ಗುರುತಿಸುವವರೇ ಚರಿತ್ರಕಾರರು. ಈ ವಿಚಾರದಲ್ಲಿ ವಿದ್ವಾಂಸರು ಯುಕ್ತಾಯುಕ್ತಗಳನ್ನು ಪರಿಶೀಲಿಸುವರೆಂದು ನಂಬಿದ್ದೇನೆ.